ವರ್ಷಾರಂಭ

ನಮ್ಮ ದೇಶದಲ್ಲಿ ಹೊಸ ವರ್ಷಗಳಿಗೆ ಬಡತನವಿಲ್ಲ. ಪಂಚಾಂಗ ನೋಡುವವರಿಗೆ ಚೈತ್ರ ಶುದ್ಧ ಪಾಡ್ಯ. ಸರ್ಕಾರದ ಖಜಾನೆಗೆ ಏಪ್ರಿಲ್ ಒಂದನೆಯ ತಾರೀಖು. ಅಂಗಡಿಯ ಸಾಹುಕಾರರಲ್ಲಿ ಕೆಲವರಿಗೆ ದೀಪಾವಳಿ. ನಮ್ಮಂಥ ಉಪಾಧ್ಯಾಯರಿಗೆ ಬೇಸಗೆಯ ರಜೆ ಮುಗಿದು ಶಾಲೆಯ ಗಂಟೆ ಮತ್ತೆ ಬಾರಿಸುವ ದಿನ. ಇವುಗಳೆಲ್ಲಕ್ಕೂ ಮೊದಲಿನದೂ ಹಿರಿಯದೂ ಆದ ವರ್ಷವೊಂದಿದೆ. ಅದು ಬೇಸಾಯಗಾರನದು. ಯುಗಾದಿಯಂದು ಹೊನ್ನೇರು ಹೂಡಿ ನೆಲಕ್ಕೆ ನೇಗಿಲನ್ನು ಮುಟ್ಟಿಸಿದರೂ, ಕಾರಹುಣ್ಣಿಮೆಯಲ್ಲಿ ಎತ್ತಿನ ಕೊಂಬಿಗೆ ಬಣ್ಣ ಬಳಿದರೂ, ಅವನ ವರ್ಷವು ನಿಜವಾಗಿ ಮೊದಲಾಗುವುದು ಹದವಾದ ಮಳೆ ಬಿದ್ದ ಮರುದಿನ. ಸಂಸ್ಕೃತದವರು ಇದನ್ನು ಬಲ್ಲವರಾಗಿದ್ದರೆಂದು ತೋರುತ್ತದೆ. ‘ವರ್ಷ’ವೆಂದರೆ ಮಳೆಯೂ ಹೌದು, ಸಂವತ್ಸರವೂ ಹೌದು. ‘ಅಬ್ದ’ವೆಂದರೆ ನೀರನ್ನು ಕೊಡತಕ್ಕ ಮೋಡವೂ ಹೌದು, ಸಂವತ್ಸರವೂ ಹೌದು. ಮೂವತ್ತು ವರ್ಷಕ್ಕೆ ಮಿಕ್ಕಿ ಈ ನಾನಾರ್ಥಗಳನ್ನು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದುಂಟು. ಅವುಗಳನ್ನು ನೆಲದ ಮೇಲೆ ಕಾಣುವ ಸಂದರ್ಭವು ನಿವೃತ್ತರಾದ ಮೇಲೆ, ೨೦೨೪ ನೆಯ ಇಸವಿಯ ಶ್ರಾವಣ ಮಾಸದಲ್ಲಿ ಒದಗಿತು.

ಹರಿಹರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿದ್ದಾರೆ. ಐದೆಕರೆ ಜಮೀನು. ಮೂರು ಎಕರೆ ಭದ್ರಾ ನಾಲೆಯ ಕೊನೆಯ ಭಾಗದ ಗದ್ದೆ. ಎರಡೆಕರೆ ಮಳೆಯನ್ನು ನಂಬಿದ ಹೊಲ. ಅವರ ಮಗನು ಹತ್ತನೆಯ ತರಗತಿಯಲ್ಲಿ ತೇರ್ಗಡೆಯಾಗಿ ಕೃಷಿ ಡಿಪ್ಲೊಮಾ ಓದುವುದಕ್ಕೆ ಆಯ್ಕೆಯಾಗಿದ್ದನು. ಹುಡುಗನನ್ನು ಕತ್ತಲಗೆರೆಯ ಶಾಲೆಗೆ ಬಿಟ್ಟುಬರುವುದಕ್ಕೆ ನಾವೂ ಜೊತೆಗೆ ಬರಬೇಕೆಂದು ಅವರು ಕೇಳಿಕೊಂಡರು. ಹಿಂದಿನ ದಿನವೇ ಹೋಗಿ ಅವರ ಮನೆಯಲ್ಲಿ ಉಳಿದೆವು.

ಆ ರಾತ್ರಿ ಊಟವಾದ ಮೇಲೆ ಹುಡುಗನ ಅಜ್ಜಿ ನಮ್ಮನ್ನು ತರಾಟೆಗೆ ತೆಗೆದುಕೊಂಡರು. “ಏನ್ ಮೇಷ್ಟ್ರೇ, ಇವರಪ್ಪನ್ನ ಓದಿಸಿದ್ರಿ, ಅವ ತಿರುಗಿ ಹೊಲಕ್ಕೇ ಬಂದ. ಈಗ ಮೊಮ್ಮಗನ್ನ ಹೊಲದ ಕೆಲಸ ಕಲಿಯಾಕ ಸಾಲಿಗೆ ಕರಕೊಂಡು ಹೊಂಟೀರಿ. ನಮ್ಮ ಮಾವನೋರಿಗೆ, ನಮ್ಮ ಮನಿಯೋರಿಗೆ ಯಾವ ಸಾಲ್ಯಾಗ ಕಲಿಸಿದ್ರು?”

ಪ್ರಶ್ನೆಯು ಸಣ್ಣದಲ್ಲ. ಬೇಸಾಯವನ್ನು ಬರೆದಿಟ್ಟು ಕಲಿಸುವುದು ನಮ್ಮವರಿಗೆ ಹೊಸದಲ್ಲವೆಂದೂ, ಸಂಸ್ಕೃತದಲ್ಲಿ ‘ಕೃಷಿಪರಾಶರ’ವೆಂಬ ಗ್ರಂಥವು ಮಳೆಯ ಲಕ್ಷಣದಿಂದ ನೇಗಿಲಿನ ಅಂಗಾಂಗಗಳವರೆಗೆ ಎಲ್ಲವನ್ನೂ ಹೇಳುವುದೆಂದೂ, ಕನ್ನಡದಲ್ಲಿಯೇ ೧೦೨೫ ರ ಸುಮಾರಿಗೆ ಇಮ್ಮಡಿ ಚಾವುಂಡರಾಯನು ‘ಲೋಕೋಪಕಾರ’ದಲ್ಲಿ ಗಿಡಮರಗಳ ಆರೈಕೆಯನ್ನೂ ಅಂತರ್ಜಲವನ್ನು ಗುರುತಿಸುವ ಬಗೆಯನ್ನೂ ಬರೆದಿರುವನೆಂದೂ ನಾವು ವಿವರಿಸಿದೆವು. ಅಜ್ಜಿ ಸಾವಧಾನದಿಂದ ಕೇಳಿ, “ಅವರು ಹೊಲ ಉತ್ತಿದ್ರೋ ಬರೀ ಬರೆದ್ರೋ?” ಎಂದರು. ಆ ರಾತ್ರಿಯ ವಾದವು ಅಲ್ಲಿಗೆ ನಿಂತಿತು.

ತಂದೆಯ ಚಿಂತೆ ಬೇರೆಯಾಗಿತ್ತು. ಮಗನು ಕಲಿಯುವನೋ ಇಲ್ಲವೋ ಎಂಬುದಲ್ಲ. ಕಲಿತವನು ಮನೆಗೆ ಮರಳುವನೋ ಇಲ್ಲವೋ ಎಂಬುದು. ಇದನ್ನು ಅವರು ತಾಯಿಯ ಎದುರಿಗೆ ಆಡಲಿಲ್ಲ. ಮರುದಿನ ಮುಂಜಾನೆ ಹರಿಹರದ ಹೊಳೆಯ ದಂಡೆಯಲ್ಲಿ ಆಡಿದರು.

ಹರಿಹರವನ್ನು ಹಾದು ಹೋಗುವವರು ದೇವಸ್ಥಾನಕ್ಕೆ ಹೋಗದೆ ಇರುವುದುಂಟೆ? ಹೊಯ್ಸಳ ವೀರನರಸಿಂಹನ ದಂಡನಾಯಕನಾದ ಪೋಲಾಳ್ವನು ೧೨೨೪ ರಲ್ಲಿ ಕಟ್ಟಿಸಿದ ಗುಡಿ. ತಿರುಗಣೆಯಲ್ಲಿ ಕಡೆದಂತೆ ನುಣುಪಾದ ಕಂಬಗಳು. ಒಳಗೆ ಒಂದೇ ವಿಗ್ರಹದಲ್ಲಿ ಅರ್ಧ ಹರಿ, ಅರ್ಧ ಹರ. ಶಿಲ್ಪದ ಸೊಬಗನ್ನು ಬಲ್ಲವರು ಬರೆದಿದ್ದಾರೆ; ನಾವು ಅದನ್ನು ಮತ್ತೆ ವರ್ಣಿಸುವುದಿಲ್ಲ. ಈ ಕ್ಷೇತ್ರದ ಹಳೆಯ ಹೆಸರು ಕೂಡಲೂರು. ಹರಿದ್ರಾ ಎಂಬ ಹಳ್ಳವು ಇಲ್ಲಿ ತುಂಗಭದ್ರೆಯನ್ನು ಕೂಡುತ್ತದೆ. ಯಾತ್ರಿಕರು ದೊಡ್ಡ ಹೊಳೆಯಲ್ಲಿ ಮಿಂದು ಹಳ್ಳವನ್ನು ಮರೆಯುತ್ತಾರೆ. ಅದು ಸೂಳೆಕೆರೆಯಿಂದ ಹೊರಟ ನೀರು. ನಾವು ಅಂದು ಹೋಗಬೇಕಾಗಿದ್ದುದು ಆ ಕೆರೆಯ ಸೀಮೆಗೇ. ಆದುದರಿಂದ ನಮ್ಮ ಪ್ರಯಾಣವು ಒಂದು ಬಗೆಯಲ್ಲಿ ಹರಿದ್ರೆಯ ಜಾಡನ್ನು ಹಿಡಿದು ಮೇಲಕ್ಕೆ ನಡೆದ ಪ್ರಯಾಣವಾಯಿತು.

ಹೊಳೆಯು ಆ ದಿನ ಕೆಂಪಾಗಿ ತುಂಬಿ ಹರಿಯುತ್ತಿದ್ದಿತು. ಹಿಂದಿನ ವರ್ಷ, ಎಂದರೆ ೨೦೨೩ ರಲ್ಲಿ, ಮುಂಗಾರು ಕೈಕೊಟ್ಟು ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಘೋಷಿತವಾಗಿದ್ದವು. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟವು ೧೮೬ ಅಡಿ. ಆ ಅಂಕಿಯನ್ನು ಈ ಭಾಗದ ಮಕ್ಕಳೂ ಮಗ್ಗಿಯಂತೆ ಬಲ್ಲರು. ಅಣೆಕಟ್ಟು ತುಂಬದ ವರ್ಷ ನಾಲೆಯ ಮೇಲ್ಭಾಗದವರಿಗೆ ನೀರು ಸಾಲದು. ಕೊನೆಯ ಭಾಗದವರಿಗೆ ನೀರು ಬಾರದು. ನಮ್ಮ ವಿದ್ಯಾರ್ಥಿಯವರ ಮೂರೆಕರೆ ಗದ್ದೆಯು ಆ ಬೇಸಗೆಯಲ್ಲಿ ಬೀಳುಬಿದ್ದಿತ್ತು.

ನೀರನ್ನು ನೋಡುತ್ತ ಅವರು ಹೇಳಿದ ಮಾತು ಇಷ್ಟು: “ನನ್ನ ವಾರಿಗೆಯೋರು ಕಿರ್ಲೋಸ್ಕರಕ್ಕೆ ಹೋದ್ರು ಸಾರ್. ನಾನೊಬ್ಬ ಹೊಲದಾಗ ಉಳಿದೆ. ಆಗ ಎಲ್ಲಾರೂ ನನ್ನ ನೋಡಿ ನಕ್ಕರು. ಈಗ ಇವನೂ ಹೋದ್ರೆ ಹೊಲ ಯಾರಿಗೆ?” ೧೯೪೧ ರಲ್ಲಿ ಹರಿಹರದಲ್ಲಿ ನೆಲೆಯೂರಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತುಗಳಿಗೆ ಒಂದು ಕಾಲದಲ್ಲಿ ದೇಶದಲ್ಲೆಲ್ಲ ಹೆಸರಿತ್ತು. ಸುತ್ತಣ ಹಳ್ಳಿಗಳಲ್ಲಿ ಮಗನಿಗೆ ಅಲ್ಲಿ ಕೆಲಸವಾಯಿತೆಂದರೆ ಹೆಣ್ಣು ಕೊಡುವವರು ತಾವಾಗಿ ಬರುತ್ತಿದ್ದರು. ಅದರ ಬಾಗಿಲು ಮುಚ್ಚಿ ಎರಡು ದಶಕಗಳು ಸಂದುವು. ಹೊಲವನ್ನು ಮಾರಿ ಹೋದವರಿಗೆ ಲೇತೂ ಇಲ್ಲ, ಹೊಲವೂ ಇಲ್ಲ ಎಂಬ ಸ್ಥಿತಿಯನ್ನು ಆ ಊರು ಕಂಡಿದೆ.

ಹರಿಹರದಿಂದ ದಾವಣಗೆರೆಗೆ ಸುಮಾರು ಹದಿನಾಲ್ಕು ಕಿಲೋಮೀಟರು. ಬೇತೂರಿನ ಮಗ್ಗುಲಿನ ಸಣ್ಣ ಹಳ್ಳಿಯಾಗಿದ್ದ ಈ ಸ್ಥಳವನ್ನು ಹೈದರಾಲಿಯು ಅಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಡಲು, ಅವನು ವರ್ತಕರನ್ನು ಕರೆಯಿಸಿ ಪೇಟೆಯನ್ನು ಬೆಳೆಸಿದನಂತೆ. ಅಂದಿನಿಂದ ಇಂದಿನವರೆಗೆ ದಾವಣಗೆರೆಯು ಪೇಟೆಯೇ. ೧೯೯೭ ರಲ್ಲಿ ಚಿತ್ರದುರ್ಗದಿಂದ ಬೇರೆಯಾಗಿ ಜಿಲ್ಲೆಯ ಕೇಂದ್ರವಾದರೂ, ಕಛೇರಿಗಳ ಊರೆಂಬುದಕ್ಕಿಂತ ಮಂಡಿಗಳ ಊರೆಂಬುದೇ ಸರಿ. ಹತ್ತಿಯ ಕಾಲದಲ್ಲಿ ಗಿರಣಿಗಳ ಶಿಳ್ಳೆ ಕೇಳಿ ಜನರು ಹೊತ್ತನ್ನು ತಿಳಿಯುತ್ತಿದ್ದರು. ಗಿರಣಿಗಳು ನಿಂತವು, ಹೊಲಗಳಲ್ಲಿ ಹತ್ತಿಯ ಸ್ಥಳಕ್ಕೆ ಮೆಕ್ಕೆಜೋಳ ಬಂದಿತು. ಕೋಳಿಗಳ ಆಹಾರಕ್ಕೆ ಅದಕ್ಕೆ ಗಿರಾಕಿಯುಂಟು. ನೀರೂ ಆಳೂ ಕಡಿಮೆ ಸಾಕು. ನಮ್ಮ ಬಾಲ್ಯದಲ್ಲಿ ತೆನೆ ಸುಟ್ಟು ತಿನ್ನುವುದಕ್ಕೆ ಹಿತ್ತಲಲ್ಲಿ ನಾಲ್ಕು ಗಿಡ ಹಾಕುತ್ತಿದ್ದ ಧಾನ್ಯವು ಈಗ ಮಂಡಿಯ ಅಂಗಳದಲ್ಲಿ ಗುಡ್ಡವಾಗಿ ಬೀಳುತ್ತದೆ.

ಪೇಟೆಯಲ್ಲಿ ಹುಡುಗನಿಗೆ ಬೇಕಾದುದನ್ನು ಕೊಂಡೆವು: ಒಂದು ಟ್ರಂಕು, ಬೀಗ, ಬಕೀಟು, ತಟ್ಟೆ, ಲೋಟ. ತಂದೆ ಕಂಬಳಿಯೂ ಬೇಕೆಂದರು. ಹುಡುಗನು ಈಗಿನ ಕಾಲದ ಬಣ್ಣದ ಹೊದಿಕೆಯನ್ನು ಆಸೆಯಿಂದ ನೋಡಿದನು. ಕಂಬಳಿಯೇ ಗೆದ್ದಿತು, ದಾವಣಗೆರೆಯ ಕಂಬಳಿಗೆ ನೂರಾರು ವರ್ಷದ ಹೆಸರಿದೆ. ಅನಂತರ ಬೆಣ್ಣೆದೋಸೆ. ಹುಡುಗನು ಮೂರು ತಿಂದನು. ನಮಗೆ ವೈದ್ಯರ ಅಪ್ಪಣೆಯಂತೆ ಬೆಣ್ಣೆ ನಿಷಿದ್ಧ. ಒಂದಕ್ಕೆ ನಿಲ್ಲಿಸಿದೆವೆಂದು ಬರೆದರೆ ಮನೆಯವರು ನಂಬಲಾರರು, ಆದುದರಿಂದ ಬರೆಯುವುದಿಲ್ಲ.

ಊರು ಬಿಟ್ಟು ಚನ್ನಗಿರಿಯ ಸೀಮೆಯ ಕಡೆಗೆ ಸಾಗಿದಂತೆ ನೋಟ ಬದಲಾಗುತ್ತದೆ. ಮೊದಲು ಎರಡೂ ಕಡೆ ಆಳೆತ್ತರದ ಮೆಕ್ಕೆಜೋಳ. ಬಳಿಕ ನಾಲೆಯ ನೀರಿನ ಗದ್ದೆಗಳು. ಹೆಂಗಸರು ಸಾಲಾಗಿ ಬಾಗಿ ನಾಟಿ ಹಾಕುತ್ತಿದ್ದರು. ಅದಾದ ಮೇಲೆ ಅಡಿಕೆ. ಅಡಿಕೆಯು ಒಂದು ಕಾಲಕ್ಕೆ ಕೆರೆಯ ಕೆಳಗಿನ ತೋಟಗಳಲ್ಲಿ ಮಾತ್ರ ಇದ್ದಿತು. ಈಗ ಭತ್ತದ ಗದ್ದೆಗೂ ಬಂದಿದೆ, ಮಳೆಯ ಹೊಲಕ್ಕೂ ಕೊಳವೆಬಾವಿಯ ಬೆನ್ನು ಹತ್ತಿ ಏರಿದೆ. ೨೦೨೪ ರ ಬೇಸಗೆಯಲ್ಲಿ ಈ ತೋಟಗಳನ್ನು ಉಳಿಸಿಕೊಳ್ಳುವುದಕ್ಕೆ ಜನರು ಟ್ಯಾಂಕರಿನಲ್ಲಿ ನೀರನ್ನು ಕೊಂಡು ತಂದು ಹೊಯ್ದರು. ಬಸ್ಸಿನ ಕಿಟಕಿಯಿಂದ ಹೆಡೆ ಒಣಗಿದ ಮರಗಳು ಅಲ್ಲಲ್ಲಿ ಕಾಣುತ್ತಿದ್ದುವು. ಅವುಗಳ ಬುಡದಲ್ಲಿ ಹೊಸ ಮಳೆಯ ಹುಲ್ಲು. ತಂದೆಯು ಅವುಗಳನ್ನು ಎಣಿಸುತ್ತಿದ್ದರೆಂದು ತೋರುತ್ತದೆ, ತುಟಿ ಅಲುಗುತ್ತಿದ್ದುವು.

ಸೂಳೆಕೆರೆಯನ್ನು ನೋಡಿಕೊಂಡೇ ಹೋಗಬೇಕೆಂದು ನಾವು ಹಟ ಹಿಡಿದು ದಾರಿಯನ್ನು ಸ್ವಲ್ಪ ಬಳಸಿದೆವು. ಹೆಸರಿಗೆ ಅಂಜಿ ಈಗ ಶಾಂತಿಸಾಗರವೆನ್ನುತ್ತಾರೆ. ಕೆರೆ ಕಟ್ಟಿಸಿದವಳು ಶಾಂತವ್ವೆಯೆಂಬ ರಾಜಪುತ್ರಿಯೆಂದು ಐತಿಹ್ಯ. ಎರಡು ಗುಡ್ಡಗಳ ನಡುವಣ ಕಿರಿದಾದ ಕಣಿವೆಗೆ ಏರಿ ಹಾಕಿ, ಅದರ ಹಿಂದೆ ಕಣ್ಣಿಗೆ ಎಟುಕದಷ್ಟು ನೀರನ್ನು ನಿಲ್ಲಿಸಿದ್ದಾರೆ. ಮೈಸೂರಿನ ಮುಖ್ಯ ಎಂಜಿನಿಯರಾಗಿದ್ದ ಕರ್ನಲ್ ಸ್ಯಾಂಕಿಯವರು ಈ ಏರಿಯನ್ನು ಕಂಡು ಮೆಚ್ಚಿದರೆಂಬುದು ದಾಖಲೆಯ ಮಾತು. ಸಿದ್ಧ ನಾಲೆ, ಬಸವ ನಾಲೆ ಎಂದು ಎರಡು ತೂಬಿನ ಕಾಲುವೆಗಳು. ಕಟ್ಟಿದವರು ಯಾವ ಶಾಲೆಯಲ್ಲಿ ಕಲಿತರೆಂದು ಅಜ್ಜಿಯು ಇಲ್ಲಿದ್ದಿದ್ದರೆ ಮತ್ತೆ ಕೇಳುತ್ತಿದ್ದರು.

ಕತ್ತಲಗೆರೆಯು ಬಸವಾಪಟ್ಟಣದ ಸಮೀಪದ ಹಳ್ಳಿ. ಅಲ್ಲಿ ಕೃಷಿ ಸಂಶೋಧನಾ ಕೇಂದ್ರವೂ ಡಿಪ್ಲೊಮಾ ಶಾಲೆಯೂ ಇವೆ. ೨೦೧೨ ರಲ್ಲಿ ಸ್ಥಾಪಿತವಾಗಿ ಈಗ ಕೆಳದಿ ಶಿವಪ್ಪ ನಾಯಕನ ಹೆಸರನ್ನು ಹೊತ್ತಿರುವ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದುವು. ಹತ್ತನೆಯ ತರಗತಿ ಮುಗಿಸಿದವರಿಗೆ ಎರಡು ವರ್ಷದ ಪಾಠ, ಪಾಠವೆಲ್ಲ ಕನ್ನಡದಲ್ಲಿ. ಈ ಕೊನೆಯ ಸಂಗತಿಯನ್ನು ಓದುಗರು ಹಗುರವಾಗಿ ಎಣಿಸಬಾರದು. ಮಣ್ಣಿನ ಹುಳಿಯನ್ನೂ ಬೇರಿನ ಉಸಿರನ್ನೂ ಪರಭಾಷೆಯಲ್ಲಿ ಕಲಿತ ಹುಡುಗನು ತಂದೆಯೊಡನೆ ಬದುವಿನ ಮೇಲೆ ಕುಳಿತು ಅದನ್ನು ಹೇಗೆ ಹೇಳಿಯಾನು?

ಇಂಥ ಶಾಲೆಯ ಮೂಲವನ್ನು ಹುಡುಕಿದರೆ ನೂರು ವರ್ಷಕ್ಕೂ ಹಿಂದೆ ಹೋಗಬೇಕು. ೧೮೯೯ ರಲ್ಲಿ ಮೈಸೂರಿನ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಬೆಂಗಳೂರಿನ ಹೆಬ್ಬಾಳದಲ್ಲಿ ೩೦ ಎಕರೆ ಭೂಮಿಯನ್ನು ಬೇಸಾಯದ ಪರೀಕ್ಷೆಗಳಿಗಾಗಿ ಕೊಟ್ಟರು. ಲೇಮನ್ ಎಂಬ ರಸಾಯನಶಾಸ್ತ್ರಜ್ಞರು ಅಲ್ಲಿ ಕೆಲಸವನ್ನು ಆರಂಭಿಸಿದರು. ೧೯೧೩ ರಲ್ಲಿ ಕೆನಡಾ ದೇಶದ ಲೆಸ್ಲಿ ಕೋಲ್ಮನ್ ಅವರ ನೇತೃತ್ವದಲ್ಲಿ ಅದೇ ಸ್ಥಳದಲ್ಲಿ ಮೈಸೂರು ಕೃಷಿ ವಸತಿಶಾಲೆಯು ಹುಟ್ಟಿತು. ಅದೇ ೧೯೪೬ ರಲ್ಲಿ ಕಾಲೇಜಾಯಿತು. ೧೯೬೪ ರಲ್ಲಿ ಕೃಷಿ ವಿಶ್ವವಿದ್ಯಾಲಯವು ಬಂದಿತು. ವಸತಿಶಾಲೆಯೆಂಬ ಮಾತನ್ನು ಗಮನಿಸಬೇಕು. ಹತ್ತೂವರೆಗೆ ಬಂದು ನಾಲ್ಕೂವರೆಗೆ ಮನೆಗೆ ಹೋಗುವವನಿಗೆ ವ್ಯಾಕರಣವನ್ನು ಕಲಿಸಬಹುದು, ಬೇಸಾಯವನ್ನು ಕಲಿಸಲಾಗದು. ಬೆಳೆಯು ಶಾಲೆಯ ವೇಳಾಪಟ್ಟಿಯನ್ನು ಅರಿಯದು. ಹುಳು ಬೀಳುವುದು ಭಾನುವಾರವೂ ಉಂಟು.

ಶಿವಪ್ಪ ನಾಯಕನ ಹೆಸರನ್ನು ಕೃಷಿ ವಿದ್ಯಾಲಯಕ್ಕೆ ಇಟ್ಟುದು ಬಹಳ ಉಚಿತವೆಂದು ನಮ್ಮ ಮತ. ಹದಿನೇಳನೆಯ ಶತಮಾನದ ಈ ದೊರೆಯು ಕಂದಾಯವನ್ನು ಗೊತ್ತುಮಾಡುವುದಕ್ಕೆ ಮೊದಲು ಬೇರೆ ಬೇರೆ ಬಗೆಯ ಭೂಮಿಗಳನ್ನು ತನ್ನ ಖರ್ಚಿನಲ್ಲಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದುದೆಷ್ಟು, ಬೆಳೆದುದೆಷ್ಟು, ಮಾರಿದುದೆಷ್ಟಕ್ಕೆ ಎಂದು ಲೆಕ್ಕ ಇಡಿಸಿದನಂತೆ. ಜನರು ಅದನ್ನು ‘ಶಿಸ್ತು’ ಎಂದರು. ನಮ್ಮ ರೈತನಿಗೆ ಗೊತ್ತಿಲ್ಲದ್ದು ಬೇಸಾಯವಲ್ಲ, ಈ ಲೆಕ್ಕ. ಅಥವಾ, ಗೊತ್ತಿದ್ದರೂ ಅಂಜಿ ಇಡುವುದಿಲ್ಲ; ಇಟ್ಟರೆ ಬೇಸಾಯವನ್ನೇ ಬಿಡಬೇಕಾದೀತೆಂಬ ಭಯ.

ನಾವು ಹೋದಾಗ ಹಿರಿಯ ತರಗತಿಯ ಹುಡುಗರು ಗದ್ದೆಯಿಂದ ಹಿಂದಿರುಗುತ್ತಿದ್ದರು, ಮೊಣಕಾಲವರೆಗೆ ಕೆಸರು. ಹೊಸಬರು ಟ್ರಂಕುಗಳೊಡನೆ ವರಾಂಡದಲ್ಲಿ ನಿಂತಿದ್ದರು. ಕಾಲಲ್ಲಿ ಬಿಳಿಯ ಬೂಟು. ಒಂದು ತಿಂಗಳಲ್ಲಿ ಈ ಬೂಟುಗಳ ಗತಿ ಏನಾದೀತೆಂದು ಹಿರಿಯರು ನಗುತ್ತಿದ್ದರು. ಒಂದು ಮಾತನ್ನು ಇಲ್ಲಿ ಹೇಳಬೇಕು. ಪರೀಕ್ಷೆಯ ಫಲಿತಾಂಶ, ಅರ್ಜಿ, ಆಯ್ಕೆ, ಪ್ರವೇಶ ಎಂದು ನಮ್ಮ ವಿದ್ಯಾಭ್ಯಾಸದ ವರ್ಷವು ಕಾಗದದ ಬೆನ್ನು ಹಿಡಿದು ನಡೆಯುತ್ತದೆ. ಮಳೆಯು ಯಾರ ಅರ್ಜಿಗೂ ಕಾಯದು. ರೋಹಿಣಿ, ಮೃಗಶಿರೆ, ಆರಿದ್ರೆ ಮಳೆಗಳು ಕಳೆದು ಆಶ್ಲೇಷೆಯೂ ನಡೆಯುತ್ತಿದ್ದ ಕಾಲವದು. ಮುಂಗಾರಿನ ಬಿತ್ತನೆಯನ್ನು ನಮ್ಮ ಹುಡುಗನು ಮನೆಯಲ್ಲಿಯೇ ತಂದೆಯ ಹಿಂದೆ ನಡೆದು ಮುಗಿಸಿ ಬಂದಿದ್ದನು. ಬೇಸಾಯದ ಶಾಲೆಗಳ ಬಾಗಿಲನ್ನು ಎಲ್ಲೆಲ್ಲಿಯೂ ಮೊದಲ ಮಳೆಗೇ ತೆರೆಯುವಂತಾದರೆ ಎಷ್ಟು ಚೆನ್ನು.

ವರಾಂಡದ ಆಚೆ ಒಬ್ಬ ಹುಡುಗನು ಪ್ಲಾಸ್ಟಿಕ್ ಪೀಪಾಯಿಯಲ್ಲಿ ನೀಲಿಯ ದ್ರಾವಣವನ್ನು ಕದಡುತ್ತಿದ್ದನು. ತೀರ್ಥಹಳ್ಳಿಯ ಕಡೆಯವನು. ಬೋರ್ಡೊ ದ್ರಾವಣವೆಂದನು: ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರು ನೀರು. ಮಲೆನಾಡಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಹಿಂದಿನವರು ಗೊನೆಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುತ್ತಿದ್ದರು. ಆ ರೋಗದ ಕಾರಣವನ್ನು ಅಭ್ಯಾಸ ಮಾಡಿ ಈ ದ್ರಾವಣದ ಸಿಂಪರಣೆಯನ್ನು ರೂಢಿಗೆ ತಂದವರಲ್ಲಿ ಮುಖ್ಯರು ಮೇಲೆ ಹೇಳಿದ ಕೋಲ್ಮನ್ನರೇ. ಹುಡುಗನು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವೊಂದನ್ನು ದ್ರಾವಣದಲ್ಲಿ ಅದ್ದಿ ತೆಗೆದನು. ಅಲಗಿನ ಮೇಲೆ ಕೆಂಪು ಲೇಪ ಹತ್ತಿದ್ದಿತು. “ಸುಣ್ಣ ಸಾಲದು ಸಾರ್. ತಾಮ್ರ ಇನ್ನೂ ಬಿಡಿಯಾಗಿದೆ, ಹೀಗೇ ಹೊಡೆದರೆ ಹಿಂಗಾರ ಸುಟ್ಟುಹೋಗ್ತದೆ” ಎಂದು ಮತ್ತಷ್ಟು ಸುಣ್ಣದ ತಿಳಿಯನ್ನು ಹೊಯ್ದು ಕದಡಿ, ಪುನಃ ಅದ್ದಿದನು. ಈ ಸಲ ಅಲಗು ಬೆಳ್ಳಗೇ ಇತ್ತು. “ಅಪ್ಪ ಕಣ್ಣಳತೆಯಲ್ಲಿ ಮಾಡ್ತಾರೆ. ಸರಿಯಾಗೇ ಆಗ್ತದೆ. ಆದರೆ ಸುಣ್ಣ ಹಳೆಯದಾದ ವರ್ಷ ಕಣ್ಣಿಗೆ ಗೊತ್ತಾಗಲ್ಲ.” ಹದಿನೇಳು ವರ್ಷದ ಹುಡುಗನು ತಂದೆಯನ್ನು ಹಳಿಯದೆ ತಂದೆಗಿಂತ ಒಂದು ಹೆಜ್ಜೆ ಮುಂದಿಟ್ಟ ಈ ಬಗೆಯು ನಮಗೆ ಬಹಳ ಹಿಡಿಸಿತು.

ಹುಡುಗನ ಕೋಣೆಯಲ್ಲಿ ಟ್ರಂಕನ್ನು ಇಟ್ಟು, ಊಟದ ಮನೆಯಲ್ಲಿ ಮುದ್ದೆ ಸಾರು ಉಂಡೆವು. ಆ ಬಳಿಕ ತಂದೆಯು ಉಪಾಧ್ಯಾಯರೊಬ್ಬರನ್ನು ಕಂಡು, ಕಲಿತ ಹುಡುಗರು ಎಲ್ಲಿಗೆ ಹೋಗುವರೆಂದು ನೇರವಾಗಿ ಕೇಳಿದರು. ಅವರೂ ನೇರವಾಗಿಯೇ ಉತ್ತರಿಸಿದರು. ಕೆಲವರು ಬೀಜದ ಕಂಪನಿಗೆ, ಕೆಲವರು ಗೊಬ್ಬರದ ಅಂಗಡಿಗೆ. ಕೆಲವರು ಸರ್ಕಾರದ ಕೆಲಸಕ್ಕೆ ಕಾಯುತ್ತಾರೆ, ಕೆಲವರು ಮೇಲೆ ಓದುತ್ತಾರೆ, ಕೆಲವರು ಮನೆಗೆ ಹೋಗುತ್ತಾರೆ. “ನಿಮ್ಮ ಮಗ ಇವರಲ್ಲಿ ಯಾರೆಂದು ನಾನು ಹೇಳಲಾರೆ ಯಜಮಾನರೇ. ಹೊಲದಲ್ಲಿ ನಾಲ್ಕು ಕಾಸು ಹುಟ್ಟಿದರೆ ಬರುತ್ತಾನೆ.” ತಂದೆಯ ಮುಖದಲ್ಲಿ ನಿರಾಶೆ ಕಾಣಲಿಲ್ಲ. ಸುಳ್ಳು ಭರವಸೆಗಳನ್ನು ಕೇಳಿ ಕೇಳಿ ಬಂದವರಿಗೆ ನಿಜವೇ ಒಂದು ಮರ್ಯಾದೆಯಂತೆ ಕಾಣುತ್ತದೆ.

ಹೊರಡುವ ಮುನ್ನ ಅವರು ಕೈಚೀಲದಿಂದ ಮೆಕ್ಕೆಜೋಳದ ಎಲೆಯೊಂದನ್ನು ತೆಗೆದರು. ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಎಲೆಯಲ್ಲಿ ಹರಕು ತೂತುಗಳು, ಮರದ ಹೊಟ್ಟಿನಂಥ ಹಿಕ್ಕೆ. ಮಡಿಕೆಯಲ್ಲಿ ಒಂದು ಹುಳು. ಉಪಾಧ್ಯಾಯರು ನಮ್ಮ ಹುಡುಗನನ್ನು ಕರೆದು, “ತಲೆ ನೋಡಪ್ಪ, ಏನು ಕಾಣುತ್ತದೆ?” ಎಂದರು. ತಲೆಯ ಮೇಲೆ ಬಿಳಿಯ ಗೆರೆಯೊಂದು ಕವೆಗೋಲನ್ನು ತಲೆಕೆಳಗು ಮಾಡಿದಂತೆ ಕವಲೊಡೆದಿತ್ತು. ಬಾಲದ ಬಳಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ. ಅಮೆರಿಕಾ ಖಂಡದ ಸೈನಿಕ ಹುಳು ಇದು. ೨೦೧೬ ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿತು. ೨೦೧೮ ರ ಮೇ ತಿಂಗಳಲ್ಲಿ ಭರತಖಂಡದಲ್ಲಿ ಮೊಟ್ಟಮೊದಲು ಪತ್ತೆಯಾದುದು ಶಿವಮೊಗ್ಗದ ಕೃಷಿ ಕಾಲೇಜಿನ ಮೆಕ್ಕೆಜೋಳದಲ್ಲಿ. ಪತ್ತೆ ಮಾಡಿದವರು ಇದೇ ವಿಶ್ವವಿದ್ಯಾಲಯದ ವಿಜ್ಞಾನಿಗಳು. ಅಜ್ಜಿಯ ಪ್ರಶ್ನೆಗೆ ಕೃಷಿಪರಾಶರದಲ್ಲಿ ಸಿಗದ ಉತ್ತರವು ನಮಗೆ ಈ ಎಲೆಯ ಮಡಿಕೆಯಲ್ಲಿ ದೊರೆಯಿತು. ಅವರ ಮಾವನವರು ಬಹಳ ಬಲ್ಲವರಿದ್ದಿರಬಹುದು, ಆದರೆ ಈ ಹುಳುವನ್ನು ಅವರು ಕಂಡವರಲ್ಲ.

ಹುಡುಗನು ಎಲೆಯನ್ನು ಹೊಸ ನೋಟುಬುಕ್ಕಿನ ಮೊದಲ ಹಾಳೆಯಲ್ಲಿ ಇಟ್ಟುಕೊಂಡನು. ಬಸ್ಸು ಹೊರಡುವಾಗ ಕೈ ಬೀಸಿದನೋ ಇಲ್ಲವೋ ಕಾಣಲಿಲ್ಲ, ಮಳೆ ಜೋರಾಗಿತ್ತು.

ಒಂದು ವಾರದ ಮೇಲೆ ತಂದೆಯು ನಮಗೆ ದೂರವಾಣಿಯಲ್ಲಿ ಮಾತನಾಡಿದರು. ಮಗನು ರಾತ್ರಿ ಕರೆ ಮಾಡಿ, ಹೊಲದಲ್ಲಿ ಅಡ್ಡಾದಿಡ್ಡಿಯಾಗಿ ನಡೆದು ಐದು ಕಡೆ ನಿಲ್ಲಬೇಕೆಂದೂ, ಒಂದೊಂದು ಕಡೆ ಇಪ್ಪತ್ತು ಗಿಡದ ಸುಳಿಯನ್ನು ಬಿಡಿಸಿ ನೋಡಿ, ನೂರಕ್ಕೆ ಎಷ್ಟು ಗಿಡ ಕೆಟ್ಟಿದ್ದಾವೆಂದು ಹೇಳಬೇಕೆಂದೂ, ಅದಕ್ಕೆ ಮುಂಚೆ ಯಾವ ಔಷಧಿಯನ್ನೂ ಕೊಳ್ಳಕೂಡದೆಂದೂ ಅಪ್ಪಣೆ ಮಾಡಿದ್ದನಂತೆ. ತಂದೆಯು ಎಣಿಸಿ ಹದಿನೇಳು ಎಂದರು. ಅಜ್ಜಿಯು ಅದನ್ನು ಒಪ್ಪದೆ, ಸೀರೆಯನ್ನು ಎತ್ತಿ ಕಟ್ಟಿಕೊಂಡು ತಾವೇ ಹೊಲಕ್ಕೆ ಇಳಿದು, ಅವೇ ಐದು ಕಡೆ ಮತ್ತೆ ಎಣಿಸಿ ಬಂದು, “ಹತ್ತೊಂಬತ್ತು ಐತಿ. ಅವನಿಗೆ ಹತ್ತೊಂಬತ್ತು ಅಂತ ಹೇಳು” ಎಂದರಂತೆ.